ಬೈಗುಳಕ್ಕೆ ಮೂರು ಪ್ರತಿ

ಆಗಸ್ಟ್ 9 ವಿಶ್ವ ಆದಿವಾಸಿ ದಿನ. ನವೆಂಬರ್ 15 ಬಿರ್ಸಾ ಮುಂಡಾ ಹುಟ್ಟಿದ ದಿನ, 2021ರಿಂದೀಚೆಗೆ ಜನಜಾತೀಯ ಗೌರವ ದಿವಸ. ವರ್ಷಕ್ಕೆರಡು ಸಲ ವಸ್ತುಸಂಗ್ರಹಾಲಯಗಳ ಅಂಗಳದಲ್ಲಿ ರಾತ್ರೋರಾತ್ರಿ ಕಾಡು ಬೆಳೆಯುತ್ತದೆ. ಥರ್ಮಾಕೋಲ್ ಬಂಡೆ, ಬಾಡಿಗೆ ಬಿದಿರು, ಪ್ಲೈವುಡ್ ಗುಡಿಸಲು. ಈ ಒಂದು ಗುಡಿಸಲಿಗೆ ಮಾತ್ರ ಯಾವ ಇಲಾಖೆಯೂ ನೋಟಿಸು ಕೊಡುವುದಿಲ್ಲ.

ಹಾಡು, ಕುಣಿತ, ಕಥೆ ಮೂರೂ ಇರುತ್ತವೆ. ಸ್ವಾಗತ, ಪ್ರಾಸ್ತಾವಿಕ, ದೀಪ, ಹಾರ, ಉದ್ಘಾಟನಾ ಭಾಷಣ ಮುಗಿದು ಸಮಯ ಉಳಿದರೆ. ಮುಖ್ಯ ಅತಿಥಿಗಳ ತಲೆಗೆ ಗರಿ, ಕೊರಳಿಗೆ ಡೋಲು ಏರಿಸಿ ನಾಲ್ಕು ಹೆಜ್ಜೆ ಹಾಕಿಸುತ್ತಾರೆ. ನಗಬೇಡಿ, ಅದಕ್ಕೆ ಅಂತಾರಾಷ್ಟ್ರೀಯ ಆಧಾರವಿದೆ. 2007ರಲ್ಲಿ ವಿಶ್ವಸಂಸ್ಥೆಯಲ್ಲಿ ಮೂಲನಿವಾಸಿಗಳ ಹಕ್ಕುಗಳ ಘೋಷಣೆಗೆ ಭಾರತ ಪರವಾಗಿ ಮತ ಹಾಕಿತು. ಆದರೆ ಭಾರತೀಯರೆಲ್ಲರೂ ಮೂಲನಿವಾಸಿಗಳೇ ಎಂಬುದು ನಮ್ಮ ಸರ್ಕಾರದ ನಿಲುವು. ಹಾಗಾಗಿ ಅತಿಥಿಗಳು ಕುಣಿಯುವುದು ಪಿತ್ರಾರ್ಜಿತ ಹಕ್ಕು. ಪಕ್ಕದಲ್ಲಿ ಕುಣಿಯುತ್ತಿರುವವನಿಗೆ ತನ್ನ ಹಾಡಿಯ ಜಾಗ ಪಿತ್ರಾರ್ಜಿತವೆಂದು ತೋರಿಸಲು ಮಾತ್ರ ಕಾಗದ ಬೇಕು.

ಡೋಲಿನ ಮಾತು ಬಂತು. ಕೊರಗರ ಡೋಲಿನ ಕೆಳಗೆ ತೂಗುಹಾಕಿದ ಕಾರ್ಡಿನಲ್ಲಿ ಮರ, ಚರ್ಮ, ಅಳತೆ ಬರೆದಿರುತ್ತಾರೆ. ಅದೇ ಡೋಲನ್ನು ಅಜಲು ಎಂಬ ಹೆಸರಿನಲ್ಲಿ ಅವರಿಂದ ಬಿಟ್ಟಿ ಬಾರಿಸಿಕೊಂಡದ್ದು, ಅದನ್ನು ನಿಲ್ಲಿಸಲು 2000ದಲ್ಲಿ ಕರ್ನಾಟಕ ಒಂದು ಕಾಯ್ದೆಯನ್ನೇ ತರಬೇಕಾಗಿ ಬಂದದ್ದು ಕಾರ್ಡಿಗೆ ಹಿಡಿಸುವುದಿಲ್ಲ. ಕಾರ್ಡು ಚಿಕ್ಕದು.

ಕಥೆ ಹೇಳುವವರ ಪಾಡೂ ಅಷ್ಟೆ. "ನಮ್ಮ ಹಾಡಿಗೆ ಒಂದಿನ ಜೀಪು ಬಂತು" ಎಂದು ಅಜ್ಜ ಶುರುಮಾಡಿದರೆ ನಿರೂಪಕಿ ಮೈಕಿಗೆ ಕೈ ಹಾಕುತ್ತಾಳೆ: "ಅಜ್ಜ, ಆನೇದು ಹೇಳಿ, ಮಕ್ಕಳಿದ್ದಾರೆ."

2025ರ ಮೇ ತಿಂಗಳಲ್ಲಿ 52 ಜೇನುಕುರುಬ ಕುಟುಂಬಗಳು ಆ ಕಥೆಯನ್ನು ನಾಗರಹೊಳೆಯ ಒಳಗೇ ಹೇಳಿದವು. ದಶಕಗಳ ಹಿಂದೆ ತಮ್ಮನ್ನು ಹೊರಹಾಕಿದ್ದ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ 2006ರ ಅರಣ್ಯ ಹಕ್ಕು ಕಾಯ್ದೆ ಹಿಡಿದು ಮರಳಿ, ಗುಡಿಸಲು ಹಾಕಿದವು. ಪ್ರೇಕ್ಷಕರಾಗಿ ಅರಣ್ಯ ಇಲಾಖೆಯವರೂ ಪೊಲೀಸರೂ ಬಂದರು. ಶಾಲು ತಂದಿರಲಿಲ್ಲ.

ಇದನ್ನೆಲ್ಲ ಸರಿಪಡಿಸಲು ನನ್ನದೊಂದು ಸಲಹೆ: ವಸ್ತುಸಂಗ್ರಹಾಲಯದವರು ಈ ಸಲ ಕುಂಡೆ ಹಬ್ಬ ಮಾಡಲಿ. ಕೊಡಗಿನ ದೇವರಪುರದಲ್ಲಿ ಮೇ ತಿಂಗಳಲ್ಲಿ ನಡೆಯುವ ಈ ಹಬ್ಬದಲ್ಲಿ ಅವರು ಕೇಳುವ ಮೂರೂ ಇವೆ. ಕಥೆ: ಜೇನುಕುರುಬರನ್ನು ಬೇಟೆಗೆ ಕರೆದೊಯ್ದ ದೇವರು ಭದ್ರಕಾಳಿಯ ಹಿಂದೆ ಹೋಗಿ ಇವರನ್ನು ನಡುಕಾಡಿನಲ್ಲಿ ಕೈಬಿಟ್ಟ. ಹಾಡು: ಆ ದೇವರಿಗೆ ಬಾಯಿತುಂಬ ಬೈಗುಳ. ಕುಣಿತ: ಸೀರೆಯುಟ್ಟ ಗಂಡಸರು ಡಬ್ಬ, ಬುರುಡೆ, ಪ್ಲಾಸ್ಟಿಕ್ ಕ್ಯಾನು ಬಡಿಯುತ್ತ ಗೋಣಿಕೊಪ್ಪದ ಪೇಟೆಯಲ್ಲಿ ಬಸ್ಸು, ಕಾರು ತಡೆದು ಕಾಸು ಕೇಳುತ್ತಾರೆ. ಸಾಹುಕಾರ, ಅಧಿಕಾರಿ ಎನ್ನದೆ ಎಲ್ಲರಿಗೂ ಬೈಗುಳದ ಅಭಿಷೇಕ. ಆ ದಿನ ಯಾರೂ ಕೋಪಿಸಿಕೊಳ್ಳುವಂತಿಲ್ಲ. ಕೊನೆಗೆ ದೇವಿಯ ಮುಂದೆ ತಪ್ಪಾಯಿತೆಂದು ಬೇಡಿಕೊಂಡು ಹಾಡಿಗೆ ಮರಳುತ್ತಾರೆ. ವರ್ಷವಿಡೀ ತೋಟದ ಸಾಲಿನಲ್ಲಿ ತಲೆ ತಗ್ಗಿಸಿದವರು ತಲೆಯೆತ್ತುವ ದಿನ ಅದು. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ರಂಗಭೂಮಿ ಈ ರಾಜ್ಯದಲ್ಲಿಲ್ಲ.

ಸಾಂಸ್ಕೃತಿಕ ಸಮಿತಿ ಏನನ್ನುತ್ತದೆಂದು ಈಗಲೇ ಬರೆದಿಡಬಲ್ಲೆ. ಬ್ಯಾನರಿನ ಮೇಲೆ ಹಬ್ಬದ ಹೆಸರು ಹಾಕುವಂತಿಲ್ಲ. ಪ್ಲಾಸ್ಟಿಕ್ ಕ್ಯಾನು ಪಾರಂಪರಿಕವಲ್ಲ, ಕಲಾವಿದರು ಅಸಲಿ ವಾದ್ಯ ತರತಕ್ಕದ್ದು. ಬೈಗುಳಗಳ ಮೂರು ಪ್ರತಿಗಳನ್ನು ಹದಿನೈದು ದಿನ ಮೊದಲೇ ಸಲ್ಲಿಸತಕ್ಕದ್ದು. ದೇವರನ್ನು ಬೈಯುವಂತಿಲ್ಲ, ಯಾರದ್ದಾದರೂ ಭಾವನೆಗೆ ಪೆಟ್ಟಾದೀತು. ಮಂತ್ರಿಗಳನ್ನು ಬೈಯುವಂತಿಲ್ಲ, ಅನುದಾನಕ್ಕೆ ಪೆಟ್ಟಾದೀತು. ಅರಣ್ಯ ಇಲಾಖೆ ಸಹಪ್ರಾಯೋಜಕರು. ತೋಟದ ಮಾಲೀಕರು ಊಟದ ಪ್ರಾಯೋಜಕರು. ಉಳಿದವರು ಯಾರಿದ್ದಾರೋ ಅವರನ್ನು ಮಿತಭಾಷೆಯಲ್ಲಿ, ಹತ್ತು ನಿಮಿಷ ಮೀರದಂತೆ ಬೈಯಬಹುದು.

ಆದರೂ ಜೇನುಕುರುಬರು ಬರಲಿ ಎನ್ನುತ್ತೇನೆ. ಸಾಮಾನ್ಯವಾಗಿ ಕಲಾತಂಡಕ್ಕೆ ವೇದಿಕೆಯ ಮೇಲೆ ಸಿಗುವುದು ಸ್ಮರಣಿಕೆ. ಸಂಭಾವನೆಗೆ ವೋಚರಿಗೆ ಸಹಿ, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್, ಆಮೇಲೆ ತಿಂಗಳುಗಟ್ಟಲೆ ಖಜಾನೆಯ ಮೌನ. ಈ ಹಬ್ಬದಲ್ಲಿ ಕಾಸು ಬಿಚ್ಚದವನ ಗತಿ ಏನೆಂದು ಗೋಣಿಕೊಪ್ಪದ ಅಂಗಡಿಯವರನ್ನು ಕೇಳಿ. ಬಿಲ್ಲು ಮುಂದಿನ ಆರ್ಥಿಕ ವರ್ಷಕ್ಕೆ ಹೋಗಿದೆ ಎಂದು ಲೆಕ್ಕಾಧಿಕಾರಿ ಇವರ ಮುಂದೆ ನಿಂತು ಹೇಳಲಿ, ನೋಡೋಣ.