ಮತ್ತೆ ಸಪ್ಲಾಯರ್

ದಹಿಸರಿನ ನಮ್ಮ ಹಳೇ ಬಿಲ್ಡಿಂಗಿಗೆ ನಾಲ್ಕು ಮಾಳಿಗೆ, ಲಿಫ್ಟಿಲ್ಲ. ಅದು ರೀಡೆವಲಪ್‌ಮೆಂಟಿಗೆ ಹೋದ ಮೇಲೆ ಚೆಕ್‌ನಾಕಾದ ಆಚೆ ಮೀರಾರೋಡಿನಲ್ಲಿ ಬಾಡಿಗೆ ಮನೆ ಹಿಡಿದೆವು. ದೊಡ್ಡವರೆಲ್ಲ ತಮ್ಮ ಸಂಕಟವನ್ನು ಸೊಸೈಟಿ ಮೀಟಿಂಗಿನಲ್ಲಿ ಕೂಗಾಡಿ ಹಗುರಾದರು. ಆರು ವರ್ಷದ ಮೊಮ್ಮಗನಿಗೆ ಮೀಟಿಂಗಿಗೆ ಪ್ರವೇಶವಿಲ್ಲವಲ್ಲ, ಅವನು ಮಾತು ಕಡಿಮೆ ಮಾಡಿದ.

ಸೊಸೆ ಕೌನ್ಸೆಲರ್ ಬಳಿ ಕರೆದೊಯ್ದಳು. ಟಾನಿಕ್ಕೋ ಗುಳಿಗೆಯೋ ಕೊಟ್ಟಾರೆಂದು ನಾನೂ ಹಿಂದೆ ಹೋದೆ. ಆಕೆ ಹೇಳಿದ್ದು ಲೆಗೋ ಥರದ ಪ್ಲಾಸ್ಟಿಕ್ ಇಟ್ಟಿಗೆ, ದಿನಕ್ಕೆ ಅರ್ಧ ಗಂಟೆ. "ಏನು ಕಟ್ಟಿದ್ದೀ ಅಂತ ಕೇಳಬೇಡಿ ಕಾಕಾ, ಜೊತೆಗೆ ಕೂತರೆ ಸಾಕು."

ಈ ಆಟದ ಮೂಲವನ್ನೂ ಆಕೆಯೇ ಹೇಳಿದರು. ಡೇನಿಯಲ್ ಲೆಗಾಫ್ ಎಂಬ ಮನೋವಿಜ್ಞಾನಿಯ (ಹೆಸರಿನಲ್ಲೇ ಲೆಗೋ!) ವೇಟಿಂಗ್ ರೂಮಿನಲ್ಲಿ, ಯಾರೊಡನೆಯೂ ಬೆರೆಯದ ಇಬ್ಬರು ಹುಡುಗರು ಲೆಗೋ ಹಿಡಿದು ಪರಸ್ಪರ ಮಾತಿಗಿಳಿದರಂತೆ. ಆಟಿಸಂ ಇರುವ ಮಕ್ಕಳಿಗಾಗಿ ಅದನ್ನೇ ಪದ್ಧತಿ ಮಾಡಿ, 2004ರಲ್ಲಿ ಲೇಖನ ಬರೆದರು. ಮೂವರು ಆಡುವ ಆಟ. ಎಂಜಿನಿಯರ್ ನಕ್ಷೆ ನೋಡಿ ಬಾಯಲ್ಲಿ ಹೇಳಬೇಕು, ಸಪ್ಲಾಯರ್ ತುಂಡು ಹುಡುಕಿ ಕೊಡಬೇಕು, ಬಿಲ್ಡರ್ ಜೋಡಿಸಬೇಕು. ಬಾಯಿ ಬಿಡದೆ ಗೋಡೆ ಏಳದು.

ಮೊಮ್ಮಗ ಎಂಜಿನಿಯರ್ ಆದ. ನಾನು ಸಪ್ಲಾಯರ್. ಮುಂಬಯಿಗೆ ಬಂದ ಹೊಸತರಲ್ಲಿ ಉಡುಪಿ ಹೊಟೇಲಿನಲ್ಲಿ ಅದೇ ಆಗಿದ್ದೆ. ಗಲ್ಲಾದವರೆಗೆ ಏರಿ ನಿವೃತ್ತನಾದವನು ಈಗ ಮತ್ತೆ ಟೇಬಲ್ಲಿಗೆ ಬಂದೆ. ತೊಡಕಾದದ್ದು ಬಿಲ್ಡರಿನದು. ರೀಡೆವಲಪ್‌ಮೆಂಟಿನ ಬಿಲ್ಡರ್ ಕೊಡಬೇಕಾದ ಬಾಡಿಗೆ ಚೆಕ್ಕು ತಡವಾದಾಗಲೆಲ್ಲ ನಮ್ಮ ಮನೆಯಲ್ಲಿ ಆ ಪದ ಬೈಗುಳಕ್ಕೆ ಸಮ. "ನಾನಂತೂ ಬಿಲ್ಡರ್ ಆಗುವವಳಲ್ಲ" ಎಂದು ನನ್ನವಳು ಅಡುಗೆಮನೆ ಸೇರಿದಳು. ಕೊನೆಗೆ ಸಂಜೆಯೊಳಗೆ ಪೊಸೆಷನ್ ಕೊಡುವ ಷರತ್ತಿನ ಮೇಲೆ ಒಪ್ಪಿದಳು. ರಾತ್ರಿ ನೀರಿಗೆದ್ದು ತುಂಡೊಂದನ್ನು ತುಳಿದಾಗ ಮಾತ್ರ, ಚನ್ನಪಟ್ಟಣದ ಆಟಿಕೆಯಾದರೆ ಅರಗು ಹಚ್ಚಿ ನುಣುಪಾಗಿರುತ್ತದೆ, ಹೀಗೆ ಚುಚ್ಚುವುದಿಲ್ಲ ಎಂದು ಇಡೀ ಮನೆಗೆ ಕೇಳುವಂತೆ ಹೇಳಿದಳು.

ಮೊದಲ ವಾರ ಕಟ್ಟಿದ್ದಕ್ಕಿಂತ ಬೀಳಿಸಿದ್ದೇ ಹೆಚ್ಚು. ನನಗೆ ಕೈ ತುರಿಸುತ್ತಿತ್ತು, ಸುಮ್ಮನೆ ಕೂತೆ. ನಕ್ಷೆಯ ಹಾಳೆ ಎರಡನೇ ದಿನವೇ ಮೂಲೆ ಸೇರಿತ್ತು. ನಿನ್ನೆ ಗೋಪುರ ನಾಲ್ಕನೇ ಮಾಳಿಗೆಗೆ ಬಂದು ನಿಂತಿತು.

"ಅಜ್ಜಾ, ಎರಡು ಕೆಂಪು. ಉದ್ದದ್ದು."

"ಕೆಂಪು ಖಾಲಿ ಸಾರ್. ಹಳದಿ ಕೊಡಲಾ?"

"ಬೇಡ. ನಮ್ಮ ಮೆಟ್ಟಿಲು ಕೆಂಪೇ ಇದ್ದದ್ದು."

ನನ್ನವಳು ನನ್ನ ಮುಖ ನೋಡಿದಳು. ನಾನು ಟಾರ್ಚು ಹಿಡಿದು ಮಂಚದಡಿ ತೂರಿದೆ.