ಟ್ರೇಲ್ ಅಣ್ಣನ ಚಳಿಗಾಲ

ದೀಪಾವಳಿ ಮುಗಿದು ಸಿಂಧನೂರಿನ ಸುತ್ತ ಭತ್ತ ಕೊಯ್ಯುವ ಮಷೀನುಗಳು ಗದ್ದೆಗಿಳಿಯುವ ಹೊತ್ತಿಗೆ ಟ್ರೇಲ್ ಅಣ್ಣನಿಗೆ ಚಳಿ ಹತ್ತುತ್ತದೆ. ಊರಿಗಿನ್ನೂ ಹತ್ತಿರುವುದಿಲ್ಲ. ಮಧ್ಯಾಹ್ನ ಫ್ಯಾನ್ ಹಾಕಿಕೊಂಡೇ ಜನ ಉಣ್ಣುತ್ತಿರುತ್ತಾರೆ. ಆದರೆ ಅಣ್ಣನ ಮೊಬೈಲಿನಲ್ಲಿ ಮನಾಲಿ-ಲೇಹ್ ರಸ್ತೆಯ ಮೇಲೆ ಹಿಮ ಬಿದ್ದು, ದಾರಿ ಬಂದ್ ಆಗಿರುತ್ತದೆ. ಇನ್ನು ಮಣ್ಣಿನ ಹಾದಿಯಲ್ಲಿ ಬೈಕ್ ಓಡಿಸಲು ಎಲ್ಲಾದರೂ ಬೆಚ್ಚನೆಯ ಜಾಗ ಹುಡುಕಲೇಬೇಕು.

ಇವನು ಒಬ್ಬನೇ ಅಲ್ಲ. ಮಸ್ಕಿಯಲ್ಲೊಬ್ಬ, ಲಿಂಗಸುಗೂರಿನಲ್ಲಿ ಇಬ್ಬರು ಮೂವರು ಸಿಗುತ್ತಾರೆ. ಅಪ್ಪನದು ಗೊಬ್ಬರದ ಅಂಗಡಿ, ಇಲ್ಲವೇ ದಲಾಲಿ ಅಂಗಡಿ. ವಯಸ್ಸು ಮೂವತ್ತರ ಆಚೀಚೆ. ಮೊಣಕಾಲಿಗೆ ಗಾರ್ಡು, ಮೊಣಕೈಗೆ ಗಾರ್ಡು, ಹೆಲ್ಮೆಟ್ಟಿನ ನೆತ್ತಿಗೊಂದು ಕ್ಯಾಮೆರಾ. ಇಷ್ಟೆಲ್ಲ ತೊಟ್ಟು ಹೊರಟವನು ಪೆಟ್ರೋಲ್ ಬಂಕಿನತನಕ ಹೋಗಿ ಟ್ಯಾಂಕ್ ಫುಲ್ ಮಾಡಿಸಿ ಬರುತ್ತಾನೆ.

ಜ್ಞಾನಕ್ಕೇನೂ ಕೊರತೆಯಿಲ್ಲ. 2015ರಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಡಕಾರ್ ರ‍್ಯಾಲಿಯನ್ನು 36ನೇ ಸ್ಥಾನದಲ್ಲಿ ಮುಗಿಸಿದ್ದು, 2019ರಲ್ಲಿ ಐಶ್ವರ್ಯಾ ಪಿಸ್ಸೆ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದದ್ದು, ಡಕಾರ್ 2020ರಿಂದ ಸೌದಿ ಅರೇಬಿಯಾಕ್ಕೆ ಸ್ಥಳಾಂತರವಾದದ್ದು ಎಲ್ಲ ಅವನ ಬಾಯಲ್ಲೇ ಇದೆ. ಸಂತೋಷ್ ಸುದ್ದಿ ಬಂದರೆ ದೊಡ್ಡಪ್ಪನ ಮಗನ ಸುದ್ದಿ ಬಂದಂತೆ ಮುಖ ಅರಳುತ್ತದೆ.

ಈ ವರ್ಷದ ಯೋಜನೆ ಕಛ್. ಖಾವಡಾದಿಂದ ಧೋಲಾವೀರಾಕ್ಕೆ ಹೋಗುವ ರಸ್ತೆಯ ಎರಡೂ ಬದಿಗೆ ಬೆಳ್ಳಗೆ ಉಪ್ಪಿನ ಬಯಲು. ಒಗ್ಗರಣಿ-ಮಿರ್ಚಿಯ ಹೋಟೆಲ್ಲಿನಲ್ಲಿ ಕಾಕಾ ಒಬ್ಬರು ಕೇಳಿದರು:

"ಎಲ್ಲಿಗಿ ಹೊಂಟಿಯೋ ತಮ್ಮಾ ಈ ಸಲ?"

"ಕಛ್‌ಗೆ ಕಾಕಾ, ಗುಜರಾತ್."

"ಅಲ್ಲೇನೈತಿ?"

"ಉಪ್ಪೈತ್ರಿ."

"ಉಪ್ಪು ತರಾಕ ಅಷ್ಟ್ ದೂರ ಯಾಕಪಾ, ಇಲ್ಲೇ ಕಿರಾಣಿ ಅಂಗಡ್ಯಾಗ ಸಿಗತೈತಲ್ಲ."

ಅಣ್ಣ ಉತ್ತರ ಕೊಡಲಿಲ್ಲ. ಅವನನ್ನು ನಿಜವಾಗಿ ಕಂಗೆಡಿಸಿದ್ದು ಕಾಕಾ ಅಲ್ಲ, ಹವಾಮಾನ. ಬೆಚ್ಚನೆಯ ಊರೆಂದು ಆರಿಸಿಕೊಂಡ ಕಛ್‌ನಲ್ಲೇ ನಲಿಯಾ ಎಂಬ ಊರಿದೆ. ಚಳಿಗಾಲದಲ್ಲಿ ಗುಜರಾತಿನಲ್ಲೆಲ್ಲ ಅತಿ ಕಡಿಮೆ ಉಷ್ಣಾಂಶದ ಊರೆಂದು ಪತ್ರಿಕೆಯಲ್ಲಿ ಮತ್ತೆ ಮತ್ತೆ ಬರುವುದು ಅದೇ. ರಾತ್ರಿ ಹತ್ತು ಡಿಗ್ರಿಗಿಂತ ಕೆಳಗಿಳಿಯುತ್ತದೆ. ಜೈಸಲ್ಮೇರಿನ ಮರಳೂ ಹಾಗೆಯೇ, ಹಗಲು ಬಿಸಿ, ರಾತ್ರಿ ನಡುಕ. ಗೋವಾ ಬೆಚ್ಚಗಿದೆ ನಿಜ, ಆದರೆ ಅಲ್ಲಿ ಬೀಚಿನ ಮೇಲೆ ಗಾಡಿ ಓಡಿಸಿದರೆ ಕೇಸು. ಥಾಯ್ಲೆಂಡಿನ ಚಿಯಾಂಗ್ ಮಾಯ್ ಕಡೆ ಡಿಸೆಂಬರ್ ಬಲು ಚೆಂದವೆಂದು ಪಾಸ್‌ಪೋರ್ಟ್ ಮಾಡಿಸಿಯೂ ಆಯಿತು. ಅದೀಗ ಹೊಸ ಸಿಮ್ ತೆಗೆದುಕೊಳ್ಳುವಾಗ ಗುರುತಿನ ದಾಖಲೆಯಾಗಿ ಕೆಲಸಕ್ಕೆ ಬರುತ್ತಿದೆ.

ಇಷ್ಟಕ್ಕೂ ಡಿಸೆಂಬರಿನಲ್ಲಿ ರಾಯಚೂರು ಜಿಲ್ಲೆಯ ಹಗಲು 30 ಡಿಗ್ರಿ ಆಸುಪಾಸು. ರಾತ್ರಿಗೆ ಒಂದು ಕಂಬಳಿ ಸಾಕು. ಬೇಸಿಗೆಯಲ್ಲಿ ನಲವತ್ತು ದಾಟಿಸಿ ಕಾಯಿಸುವ ಈ ಸೀಮೆ ವರ್ಷದಲ್ಲಿ ಎರಡು ಮೂರು ತಿಂಗಳು ಮನುಷ್ಯರನ್ನು ಮರ್ಯಾದೆಯಿಂದ ನಡೆಸಿಕೊಳ್ಳುವುದು ಆಗಲೇ. ಹಾದಿಗೂ ಬರವಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದ 220 ಕಿಲೋಮೀಟರಿಗೂ ಹೆಚ್ಚು; ಅದರಿಂದ ಕವಲೊಡೆದ ಉಪಕಾಲುವೆಗಳ ದಂಡೆಯ ಮೇಲೆಲ್ಲ ಮಣ್ಣಿನ ದಾರಿ. ಮಸ್ಕಿ ದಾಟಿ ಲಿಂಗಸುಗೂರಿನ ಕಡೆ ತಿರುಗಿದರೆ ಎರೆ ಹೊಲ ಕಳೆದು ಮಸಾರಿ, ಕಲ್ಲುಗುಂಡಿನ ಗುಡ್ಡ. ಮುದಗಲ್ಲಿನ ಕೋಟೆ, ಅದರ ಸಮೀಪ ನವಶಿಲಾಯುಗದ ಪಿಕ್ಲಿಹಾಳ, ಕೃಷ್ಣೆಯ ನೆತ್ತಿಯ ಮೇಲೆ ಜಲದುರ್ಗ. ಬೆಂಗಳೂರಿನವರು ರಜೆ ಹಾಕಿ ಬರುವ ಹಾದಿ ಇದು.

ಬಂದೂ ಬಂದರು ಒಂದು ಸಲ. ಮಸ್ಕಿಯ ಬಸ್ ಸ್ಟ್ಯಾಂಡಿನ ಹತ್ತಿರ ಧೂಳು ಮೆತ್ತಿದ ನಾಲ್ಕು ಬೈಕು ನಿಲ್ಲಿಸಿ, ಟ್ರೇಲ್ ಅಣ್ಣನ ವೇಷ ನೋಡಿ ಇವನೇ ಬಲ್ಲವನೆಂದು, ಜಲದುರ್ಗಕ್ಕೆ ಮಣ್ಣಿನ ಹಾದಿ ಯಾವುದೆಂದು ಕೇಳಿದರು. ಅಣ್ಣ ಅವರನ್ನು ಚಹಾಕ್ಕೆ ಕೂರಿಸಿ ಅರ್ಧ ಗಂಟೆ ಕಛ್‌ನ ದಾರಿ ವಿವರಿಸಿದ. ಕೊನೆಗೆ ಜಲದುರ್ಗದ ಹಾದಿ ತೋರಿಸಿದ್ದು ಪಕ್ಕದಲ್ಲಿ ಬೀಡಿ ಸೇದುತ್ತಿದ್ದ ಕುರಿಗಾಹಿ.

ಬೈಕಿನದೂ ಒಂದು ಕಥೆ. ಅಣ್ಣನದು 2023ರ ನವೆಂಬರಿನಲ್ಲಿ ಬಂದ ಹಿಮಾಲಯನ್ 450. ತೂಕ 196 ಕಿಲೊ. ಹೆದ್ದಾರಿಯಲ್ಲಿ ರಾಜ, ಕಾಲುವೆ ದಂಡೆಯಲ್ಲಿ ಬಿದ್ದರೆ ಎತ್ತಲು ಇನ್ನಿಬ್ಬರು ಬೇಕು. ಟ್ರೇಲಿಗೆ ಹಗುರವಾದ ಗಾಡಿಯೇ ಮೇಲು ಎಂಬುದನ್ನು ಅವನೇ ಹತ್ತು ವಿಡಿಯೋದಲ್ಲಿ ಕೇಳಿದ್ದಾನೆ. ಅದನ್ನು ದಿನವೂ ಮಾಡಿ ತೋರಿಸುವವನು ಮಾತ್ರ ಅವನ ಹೊಲವನ್ನು ಪಾಲಿಗೆ ಮಾಡುವ ರೈತ. ಟಿವಿಎಸ್ ಎಕ್ಸೆಲ್ ಮೇಲೆ ಮುಂದೊಂದು ಯೂರಿಯಾ ಚೀಲ, ಹಿಂದೆ ಹೆಂಡತಿ, ಅವಳ ಮಡಿಲಲ್ಲಿ ಬುತ್ತಿ. ಕಾಲಿಗೆ ಹವಾಯಿ ಚಪ್ಪಲಿ.

ಹೋದ ವರ್ಷ ಬಂಗಾಳಕೊಲ್ಲಿಯ ವಾಯುಭಾರ ಕುಸಿತದಿಂದ ಅಕಾಲದಲ್ಲಿ ಒಂದು ಹದ ಮಳೆ ಬಿತ್ತು. ಮರುದಿನ ಅಣ್ಣ ಹುರುಪಿನಿಂದ ಎರೆ ಹೊಲದ ದಾರಿಗೆ ಗಾಡಿ ಇಳಿಸಿದ. ಒಂದು ಫರ್ಲಾಂಗಿಗೆ ಚಕ್ರದ ಸುತ್ತ ಎರೆ ಮಣ್ಣು ಮೆತ್ತಿ, ಚೈನಿನ ಸಂದಿಗೂ ತುಂಬಿ, ಬೈಕು ತಾನೇ ಬ್ರೇಕ್ ಹಾಕಿಕೊಂಡು ನಿಂತಿತು. ಎರೆಯ ಗುಣವೇ ಅದು: ನೀರು ಕುಡಿದು ಉಬ್ಬುತ್ತದೆ, ಅಂಟುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಪಾಲಿನ ರೈತ ಎಕ್ಸೆಲ್ಲನ್ನು ಡಾಂಬರು ರಸ್ತೆಯಲ್ಲೇ ಬಿಟ್ಟು ನಡೆದುಕೊಂಡು ಬಂದ. ತೊಗರಿ ಕಟ್ಟಿಗೆಯೊಂದನ್ನು ಮುರಿದು ಚಕ್ರದ ಮಣ್ಣು ಕೀಳುತ್ತ ಅಂದ: "ಎರಿಯಾಗ ಮಳಿ ಆದಮ್ಯಾಲ ಗಾಡಿ ತರಬಾರದ್ರಿ ಧಣ್ಯಾರ, ಮೂರ್ ದಿನ ಒಣಗಬೇಕು." ಈ ಮಾತು ಯಾವ ವಿಡಿಯೋದಲ್ಲೂ ಇರಲಿಲ್ಲ.

ಈ ವರ್ಷವೂ ಅಣ್ಣ ಕಛ್‌ಗೆ ಹೋಗುವ ಲಕ್ಷಣವಿಲ್ಲ. ಓಮಾನ್ ಹೇಗೆ ಎಂದು ಮೊನ್ನೆಯಿಂದ ವಿಚಾರಿಸುತ್ತಿದ್ದಾನೆ.

ಓದುಗರಲ್ಲಿ ಯಾರಾದರೂ ಈ ಚಳಿಗಾಲ ಈ ಕಡೆ ಬೈಕ್ ತರುವುದಿದ್ದರೆ ಮೂರು ಮಾತು. ಕಾಲುವೆಯಲ್ಲಿ ನೀರು ಹರಿಯುವಾಗ ದಂಡೆಯ ಅಂಚಿಗೆ ಹೋಗಬೇಡಿ. ಮಸ್ಕಿಯ ಗುಡ್ಡದಲ್ಲಿ 1915ರಲ್ಲಿ ಸಿಕ್ಕ, ಅಶೋಕನ ಹೆಸರನ್ನೇ ಹೇಳುವ ಶಾಸನವಿದೆ. ಗಾಡಿ ಕೆಳಗೆ ನಿಲ್ಲಿಸಿ ನಡೆದು ಹೋಗಿ. ಇನ್ನು ಸುಗ್ಗಿಯಲ್ಲಿ ರಸ್ತೆಯ ಅರ್ಧಕ್ಕೆ ಭತ್ತ ಒಣಹಾಕಿರುತ್ತಾರೆ. ಅದರ ಮೇಲೆ ಸಾಹಸ ತೋರಿಸಬೇಡಿ, ಕಾಯುವ ಅಜ್ಜಿಯ ಕೈಯಲ್ಲಿ ಕೋಲಿರುತ್ತದೆ.