ಉನ್ನತೀಕರಣೋತ್ತರ ಕೋಷ್ಟಕ-ಕಡತಗಳ ಅನುರೂಪತಾ ಮೀಮಾಂಸೆ: ಒಂದು ಬಹುಶಿಸ್ತೀಯ ಅಧ್ಯಯನ

ಪ್ರಸ್ತುತ ಪ್ರಬಂಧವು ಕೋಷ್ಟಕ-ತಂತ್ರಾಂಶದ ಉನ್ನತೀಕರಣೋತ್ತರ ಕಾಲಘಟ್ಟದಲ್ಲಿ ಕಡತ-ವಿನ್ಯಾಸಗಳ ನಡುವೆ ತಲೆದೋರುವ ಅನುರೂಪತಾ ಬಿಕ್ಕಟ್ಟನ್ನು ತಾತ್ತ್ವಿಕ, ಐತಿಹಾಸಿಕ ಹಾಗೂ (ಪುಟ ಉಳಿದರೆ) ಉಪಯುಕ್ತ ನೆಲೆಗಳಲ್ಲಿ ಪರಾಮರ್ಶಿಸುತ್ತದೆ. ಪಾಮರರು ಇದನ್ನೇ 'ಹಳೇ ಎಕ್ಸೆಲ್ ಫೈಲು ಹೊಸದರಲ್ಲಿ ಸರಿಯಾಗಿ ಓಪನ್ ಆಗ್ತಿಲ್ಲ' ಎನ್ನುತ್ತಾರೆ. ನಮ್ಮ ಪ್ರತಿಪಾದನೆ ಇಷ್ಟು: ಉನ್ನತೀಕರಣವು ತಪ್ಪುಗಳನ್ನು ಜೋಪಾನವಾಗಿ ಆಚೆ ದಡ ಮುಟ್ಟಿಸುತ್ತದೆ, ಮಾಹಿತಿಯನ್ನು ನಡುನೀರಿನಲ್ಲಿ ಬಿಡುತ್ತದೆ.

ಕಾಲನಿರ್ಣಯ ಸುಲಭ. ಎಕ್ಸೆಲ್ 2007ಕ್ಕೆ ಮೊದಲಿನದು ಎಕ್ಸ್‌ಎಲ್‌ಎಸ್ ಯುಗ. ಹಾಳೆಗೆ 65,536 ಸಾಲು, 256 ಕಾಲಂ. ಆಮೇಲಿನದು ಎಕ್ಸ್‌ಎಲ್‌ಎಸ್‌ಎಕ್ಸ್ ಯುಗ; 10,48,576 ಸಾಲು, 16,384 ಕಾಲಂ. ಈ ಸಂಧಿಕಾಲದಲ್ಲಿ ಸಿಕ್ಕಿಕೊಂಡ ಕಡತಗಳು ಐದು ವಿಧ. ಒಂದು, ಶುದ್ಧಪ್ರಾಚೀನ: ತೆರೆದೊಡನೆ ಹಣೆಯ ಮೇಲೆ 'ಕಂಪ್ಯಾಟಿಬಿಲಿಟಿ ಮೋಡ್' ಎಂಬ ನಾಮ ಧರಿಸುತ್ತದೆ. ಆ ನಾಮ ಇರುವವರೆಗೆ ತಂತ್ರಾಂಶ ಎಷ್ಟೇ ಹೊಸದಿರಲಿ, ಹಾಳೆ 65,536ನೇ ಸಾಲಿಗೇ ಮುಗಿಯುತ್ತದೆ. ಪರಿವರ್ತಿಸಿ, ಮುಚ್ಚಿ, ಮತ್ತೆ ತೆರೆಯುವ ತನಕ ಹಳೇ ಗಂಡನ ಪಾದವೇ ಗತಿ. ಎರಡು, ಪ್ರಾಚೀನಾಭಾಸ: ಹುಟ್ಟಿದ್ದು ಹೊಸದರಲ್ಲಾದರೂ ಮೇಲಿನ ಕಚೇರಿಯ ಕಂಪ್ಯೂಟರಿಗೆ ಬೇಸರವಾಗಬಾರದೆಂದು ಹಳೆಯ ರೂಪದಲ್ಲಿ ಸೇವ್ ಆದದ್ದು. ಮೂರು, ನಾಮಾಂತರಿತ: ಹೆಸರಿನ ಬಾಲಕ್ಕೆ ಇನ್ನೊಂದು ಎಕ್ಸ್ ಅಂಟಿಸಿದರೆ ಸಾಕೆಂಬ ನಂಬಿಕೆಯ ಕೂಸು. ಎಕ್ಸೆಲ್ ಇದನ್ನು ತೆರೆಯುವುದೇ ಇಲ್ಲ. ಹಳೆಯದು ಬೈನರಿ, ಹೊಸದು ಎಕ್ಸ್‌ಎಂಎಲ್ ಫೈಲುಗಳ ಜಿಪ್ ಕಟ್ಟು. ನಾಲ್ಕು ಮತ್ತು ಐದನೆಯವನ್ನು ವಿಸ್ತಾರಭಯದಿಂದ ಕೈಬಿಟ್ಟಿದೆ. ಐದು ಎಂದು ಘೋಷಿಸಿದ್ದು ಗಾಂಭೀರ್ಯಕ್ಕಾಗಿ.

ಇನ್ನು ಪ್ರಮಾಣ, ಮೊದಲು ದಡ ಮುಟ್ಟಿದ ತಪ್ಪಿಗೆ. ಖಾಲಿ ಸೆಲ್ ಒಂದರಲ್ಲಿ 60 ಎಂದು ಬರೆದು ದಿನಾಂಕದ ರೂಪ ಕೊಡಿ: 1900ರ ಫೆಬ್ರವರಿ 29 ಪ್ರತ್ಯಕ್ಷವಾಗುತ್ತದೆ. 1900 ಅಧಿಕ ವರ್ಷವಲ್ಲ. ನಾವು ಬಳಸುವ ಕ್ಯಾಲೆಂಡರಿನಲ್ಲಿ ಅಂಥ ದಿನ ಬಂದೇ ಇಲ್ಲ. ಲೋಟಸ್ 1-2-3 ಮಾಡಿದ ತಪ್ಪನ್ನು ಹೊಂದಾಣಿಕೆಯ ಹೆಸರಿನಲ್ಲಿ ಎಕ್ಸೆಲ್ ದತ್ತು ತೆಗೆದುಕೊಂಡಿತು. 2006ರಲ್ಲಿ ಎಕ್ಮಾ ಸಂಸ್ಥೆ ಒಪ್ಪಿದ, ಹೊಸ ರೂಪದ, ಆರು ಸಾವಿರ ಪುಟ ಮೀರಿದ ಮಾನಕದಲ್ಲೂ ಅದಕ್ಕೆ ಆಸನ ದೊರೆಯಿತು. ಇಲ್ಲದ ದಿನಕ್ಕೆ ಇಷ್ಟು ರಾಜೋಪಚಾರ ಪಂಚಾಂಗದಲ್ಲೂ ಕಾಣಸಿಗದು.

ಇರುವ ಜನರ ಗತಿ ಬೇರೆ. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವೆ ಇಂಗ್ಲೆಂಡಿನ 15,841 ಕೋವಿಡ್ ಪ್ರಕರಣಗಳು ಅಧಿಕೃತ ಲೆಕ್ಕದಿಂದ ಜಾರಿಹೋದವು. ಪ್ರಯೋಗಾಲಯಗಳ ಫಲಿತಾಂಶವನ್ನು ಹಳೆಯ ಎಕ್ಸ್‌ಎಲ್‌ಎಸ್ ಫೈಲಿಗೆ ತುಂಬುತ್ತಿದ್ದರು. ಒಂದೊಂದು ಪ್ರಕರಣಕ್ಕೂ ಹಲವು ಸಾಲು. ಜಾಗ ಮುಗಿದ ಮೇಲೆ ಬಂದವರು ಫೈಲಿನೊಳಕ್ಕೆ ಬರಲೇ ಇಲ್ಲ. ಸೋಂಕಿತರಿಗೆ ತಮ್ಮ ಫಲಿತಾಂಶ ಗೊತ್ತಾಗಿತ್ತು. ಅವರ ಜೊತೆ ಕೂತವರನ್ನು, ಉಂಡವರನ್ನು ಹುಡುಕುವ ಕೆಲಸ ತಡವಾಯಿತು. ಹೊಸ ರೂಪ ಬಂದು ಆಗಲೇ ಹದಿಮೂರು ವರ್ಷ. ಎಕ್ಸೆಲ್‌ನ ಹೊಂದಾಣಿಕೆ ತಪಾಸಕನು (ಕಂಪ್ಯಾಟಿಬಿಲಿಟಿ ಚೆಕರ್) ಹಳೆಯ ರೂಪಕ್ಕೆ ಸೇವ್ ಮಾಡುವಾಗಿನ ನಷ್ಟವನ್ನು ಎರಡು ದರ್ಜೆಯಾಗಿ ವಿಂಗಡಿಸುತ್ತಾನೆ: ಕ್ರಿಯಾತ್ಮಕತೆಯ ಗಣನೀಯ ಹಾನಿ, ನಿಖರತೆಯ ಅಲ್ಪ ಹಾನಿ. ಸೋಂಕು ಹಬ್ಬುತ್ತಿದ್ದ ವಾರದಲ್ಲಿ ಲೆಕ್ಕ ತಪ್ಪಿಹೋದ ಮನುಷ್ಯರನ್ನು ಯಾವ ದರ್ಜೆಗೆ ಹಾಕೋಣ, ಸ್ವಾಮಿ?

ಇಲ್ಲೊಂದು ಪೂರ್ವಪಕ್ಷ: ತಪ್ಪು ಬಳಸಿದವರದು, ಹೊಸ ರೂಪದಲ್ಲಿ ಸೇವ್ ಮಾಡಿಕೊಳ್ಳಲು ಯಾರು ಬೇಡವೆಂದರು? ಅರ್ಧ ಸತ್ಯ. ಇಂಗ್ಲೆಂಡಿನವರು ಹಾಗೆ ಮಾಡಬೇಕಿತ್ತು, ಒಪ್ಪಿದೆ. ಆದರೆ ಮ್ಯಾಕ್ರೋ ಇರುವ ಸಂಬಳದ ಫೈಲನ್ನು ಎಕ್ಸ್‌ಎಲ್‌ಎಸ್‌ಎಕ್ಸ್ ಆಗಿ ಉಳಿಸಿದರೆ ಮ್ಯಾಕ್ರೋ ಉದುರುತ್ತದೆ. ಅದಕ್ಕೆ ಎಕ್ಸ್‌ಎಲ್‌ಎಸ್‌ಎಂ ಬೇಕು. ಎಚ್ಚರಿಕೆ ಕೊಡುತ್ತದಲ್ಲ ಎಂದರೆ, ಕೊಡುತ್ತದೆ, ತಿಂಗಳ ಕೊನೆಯಲ್ಲಿ, ಬಿಲ್ಲು ಕಳಿಸುವ ಅವಸರದಲ್ಲಿರುವ ಗುಮಾಸ್ತರ ಮುಂದೆ. ಅವರು ಒಪ್ಪಿಗೆಯ ಗುಂಡಿ ಒತ್ತುತ್ತಾರೆ. ಉನ್ನತೀಕರಣವನ್ನು ನಿರ್ಧರಿಸಿದವರು ಆ ಕುರ್ಚಿಯಲ್ಲಿ ಕೂತಿರುವುದಿಲ್ಲ.

ಮಾನಕ ಪಾಲಿಸಿದರೆ ಎಲ್ಲ ಸರಿಹೋಗುತ್ತದೆಂಬ ಇನ್ನೊಂದು ಆಕ್ಷೇಪಕ್ಕೆ ಕನ್ನಡವೇ ಉತ್ತರ. 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪಿಸಿದ ಫಲಾನುಭವಿಗಳ ಪಟ್ಟಿಯನ್ನು ಹೊಸ ರೂಪಕ್ಕೆ ತನ್ನಿ. ಸಾಲು ಅಷ್ಟೇ, ಮೊತ್ತ ಅಷ್ಟೇ, ತಪಾಸಕನ ತಕರಾರಿಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಮಾತ್ರ ಹೆಸರುಗಳ ಜಾಗದಲ್ಲಿ ತಲೆಯ ಮೇಲೆ ಚುಕ್ಕಿ, ಗೀಟು ಹೊತ್ತ ರೋಮನ್ ಅಕ್ಷರಗಳ ಸಂತೆ, ಏಕೆಂದರೆ ಫೈಲಿನೊಳಗೆ ಇದ್ದದ್ದೇ ಅದು. ಕನ್ನಡ ಇದ್ದದ್ದು ಫಾಂಟಿನಲ್ಲಿ. ಫಾಂಟ್ ಹಾಕಿಕೊಂಡರೂ ಅಕಾರಾದಿ ಕ್ರಮ ಬರುವುದಿಲ್ಲ, ಯೂನಿಕೋಡ್‌ನಲ್ಲಿ ಟೈಪಿಸಿ ಹುಡುಕಿದರೆ ಹೆಸರು ಸಿಗುವುದಿಲ್ಲ. ಕೌಂಟರಿನ ಆಚೆ ನಿಂತ ಅಜ್ಜಿಗೆ 'ನಿಮ್ಮ ಹೆಸರಿಲ್ಲ ಅಮ್ಮ' ಎಂಬ ಉತ್ತರ ಹೋಗುತ್ತದೆ. ಹೆಸರು ಅಲ್ಲೇ ಇರುತ್ತದೆ. ಇದಕ್ಕೆ ಪರಿವರ್ತಕಗಳಿವೆ; ಆದರೆ ಒತ್ತು, ಅರ್ಕಾವತ್ತು, ನಡುವೆ ನುಸುಳಿದ ಇಂಗ್ಲಿಷ್ ಪದಗಳನ್ನು ಪರಿವರ್ತನೆಯಾದ ಮೇಲೆ ಕನ್ನಡ ಬಲ್ಲವರೊಬ್ಬರು ಕೂತು ಸಾಲು ಸಾಲಾಗಿ ನೋಡಬೇಕು. ಆ ಕೂಲಿಯನ್ನು ಉನ್ನತೀಕರಣದ ಅಂದಾಜುಪಟ್ಟಿಯಲ್ಲಿ ಮೊದಲು ಬರೆಯಿರಿ. ಲೈಸೆನ್ಸಿನ ಬೆಲೆ ಆಮೇಲೆ.